ಬೆಲ್ ಹೊಡೆದರೆ ಸಾಕಾ? ಕೆರೆ ಏರಿಯ ದಾರಿಯಲ್ಲಿ ಯಾರು ಯಾರಿಗೆ ಜಾಗ ಬಿಡಬೇಕು

ಪ್ರಶ್ನೆ

ನನಗೆ 63 ವರ್ಷ. ಮೈಸೂರಿನಲ್ಲಿ ಪ್ರೈಮರಿ ಶಾಲೆ ಟೀಚರ್ ಆಗಿದ್ದೆ, ಈಗ ನಿವೃತ್ತಿ. ನಮ್ಮ ಬಡಾವಣೆ ಪಕ್ಕದ ಕೆರೆ ಏರಿ ಮೇಲೆ ದಿನಾ ಬೆಳಿಗ್ಗೆ ಆರಕ್ಕೆ ನಾಲ್ಕು ಜನ ಗೆಳತಿಯರು ವಾಕಿಂಗ್ ಹೋಗ್ತೀವಿ. ಎರಡು ತಿಂಗಳ ಹಿಂದೆ ತೂಬಿನ ಹತ್ತಿರ, ಅಂದರೆ ಕೆರೆ ನೀರು ಹೊರಗೆ ಬಿಡುವ ಕಿಂಡಿಯ ಪಕ್ಕ, ದಾರಿ ಸಣ್ಣದಾಗಿ ತಿರುಗುವ ಜಾಗದಲ್ಲಿ, ಹಿಂದಿನಿಂದ ಸೈಕಲ್ ಬೆಲ್ ಕೇಳಿಸ್ತು. ಏನು ಅಂತ ತಿರುಗಿ ನೋಡುವಷ್ಟರಲ್ಲಿ ಹ್ಯಾಂಡಲ್ ತಗುಲಿ ಬಿದ್ದೆ. ಬಲಗೈ ಮಣಿಕಟ್ಟು ಮುರಿದು ಆರು ವಾರ ಪ್ಲಾಸ್ಟರ್. ಆ ಹುಡುಗ ಒಳ್ಳೆಯವನೇ, ಆಟೋ ಹತ್ತಿಸಿ ಆಸ್ಪತ್ರೆ ತನಕ ಬಂದ. ಆದರೆ "ಆಂಟಿ, ನಾನು ಬೆಲ್ ಹೊಡೆದೆ, ನೀವೇ ಅಡ್ಡ ಬಂದ್ರಿ" ಅಂದ. ಅದೇ ಮಾತು ತಲೆಯಲ್ಲಿ ಕೊರೀತಿದೆ. ತಪ್ಪು ನನ್ನದಾ?

ನಮ್ಮ ವಾಕಿಂಗ್ ಬಳಗದವರು ಸೈಕಲ್ ಪೂರ್ತಿ ನಿಲ್ಲಿಸಿ ಅಂತ ಸಹಿ ಸಂಗ್ರಹ ಮಾಡ್ತಿದ್ದಾರೆ. ನನ್ನ ಮೊಮ್ಮಗ ಸೈಕಲ್ ಕಲಿಯೋದೂ ಅಲ್ಲೇ. ಸಹಿ ಹಾಕಲಾ, ಬೇಡವಾ? ಎಡಕ್ಕೆ ನಡೀಬೇಕಾ, ಬಲಕ್ಕಾ? ಎಲ್ಲರೂ ಪ್ರದಕ್ಷಿಣೆ ಥರ ಒಂದೇ ದಿಕ್ಕಿಗೆ ಸುತ್ತಿದರೆ ಸರಿಹೋಗುತ್ತೆ ಅಂತ ಕೆಲವರು ಹೇಳ್ತಾರೆ, ನಿಜವಾ? ಉದ್ದ ಹಗ್ಗದ ನಾಯಿಗಳು, ಇಯರ್‌ಫೋನ್ ಹಾಕ್ಕೊಂಡು ಓಡೋರು, ಇದೆಲ್ಲ ಬೇರೆ. ಮಗ ಟ್ರೆಡ್‌ಮಿಲ್ ತರ್ತೀನಿ, ಅಲ್ಲಿಗೆ ಹೋಗಲೇಬೇಡ ಅಂತಾನೆ.

ಉತ್ತರ

ಮೇಡಂ, ಮೊದಲು ನಿಮ್ಮನ್ನು ಕೊರೀತಿರುವ ಪ್ರಶ್ನೆಗೇ ಬರ್ತೀನಿ. ತಪ್ಪು ನಿಮ್ಮದಲ್ಲ. ದಾರಿ ಯಾವುದೇ ಇರಲಿ, ಹಿಂದಿನಿಂದ ಬಂದು ಮುಂದೆ ಹೋಗುವವರದ್ದೇ ಜವಾಬ್ದಾರಿ. ಮುಂದಿರುವವರಿಗೆ ಬೆನ್ನಲ್ಲಿ ಕಣ್ಣಿಲ್ಲ. ಹಿಂದಿರುವವರಿಗೆ ಎಲ್ಲಾ ಕಾಣುತ್ತೆ. ಕಾಣುವವರು ಕಾಯಬೇಕು.

ಹಾಗಂತ ಆ ಹುಡುಗನನ್ನು ಪುಂಡ ಅನ್ನೋಕೂ ನನಗೆ ಮನಸ್ಸಿಲ್ಲ. ಅವನಿಗೆ ಯಾರೋ ಕಲಿಸಿದ್ದನ್ನೇ ಅವನು ಮಾಡಿದ. ಬೆಲ್ ಹೊಡಿ, ಮುಂದೆ ಹೋಗು, ಅಷ್ಟೇ ನಾವು ಮಕ್ಕಳಿಗೆ ಹೇಳಿಕೊಡೋದು. ಬೆಲ್ ಎಲ್ಲಿ ಹೊಡೀಬೇಕು, ಹೊಡೆದ ಮೇಲೆ ಎಷ್ಟು ಹೊತ್ತು ಕಾಯಬೇಕು ಅಂತ ಯಾರೂ ಹೇಳಿಕೊಡೋದಿಲ್ಲ. ನಿಮ್ಮ ಕೈ ಮುರಿದದ್ದು ಆ ಜಾಗದಲ್ಲಿ.

ಕೆರೆ ಏರಿ, ಪಾರ್ಕುಗಳಲ್ಲಿ ನಡಿಗೆ ದಾರಿಗಳ ವಿನ್ಯಾಸ ಮಾಡೋದು ನನ್ನ ಕೆಲಸ. ಕೆಲಸ ಶುರು ಮಾಡುವ ಮುಂಚೆ ಬೆಳಗಿನ ಹೊತ್ತು ಒಂದು ಕಡೆ ಕೂತು ಜನ ಹೇಗೆ ಓಡಾಡ್ತಾರೆ ಅಂತ ಬರೆದುಕೊಳ್ಳೋದು ನಮ್ಮ ರೂಢಿ. ಬೆಲ್ ಕೇಳಿದಾಗ ನಡೆಯುವವರು ಏನು ಮಾಡ್ತಾರೆ ಗೊತ್ತಾ? ನಿಧಾನವಾಗಿ ಪಕ್ಕಕ್ಕೆ ಸರಿಯೋದಿಲ್ಲ. ಮೊದಲು ಹೆಜ್ಜೆ ತಡವರಿಸುತ್ತೆ. ಆಮೇಲೆ ತಲೆ ತಿರುಗುತ್ತೆ, ಬಹಳ ಜನಕ್ಕೆ ಬಲ ಭುಜದ ಮೇಲಿಂದ. ತಲೆ ತಿರುಗಿದ ಕಡೆಗೇ ಹೆಗಲು, ಹೆಗಲು ಹೋದ ಕಡೆಗೇ ಬಲಗಾಲು. ಬಲಕ್ಕೆ ಅರ್ಧ ಹೆಜ್ಜೆ ಬಂದುಬಿಡ್ತಾರೆ. ಸೈಕಲ್ ಬರ್ತಿರೋದೂ ಬಲದಿಂದಲೇ, ಯಾಕಂದ್ರೆ ನಮ್ಮಲ್ಲಿ ಓವರ್‌ಟೇಕ್ ಮಾಡೋದು ಬಲಗಡೆಯಿಂದ. "ನೀವೇ ಅಡ್ಡ ಬಂದ್ರಿ" ಅಂತ ಆ ಹುಡುಗ ಕಂಡದ್ದು ಇದನ್ನೇ. ಅವನಿಗೆ ಹಾಗೆ ಕಂಡಿದ್ದು ಸುಳ್ಳಲ್ಲ. ಆದರೆ ಅದು ನಿಮ್ಮ ಅಜಾಗರೂಕತೆಯಲ್ಲ, ಗಾಬರಿಯಾದ ಯಾರ ದೇಹವಾದರೂ ಹೀಗೇ ಮಾಡುತ್ತೆ.

ಸ್ವಲ್ಪ ಲೆಕ್ಕ ನೋಡೋಣ. ನೀವು ಮೇಡಂ, ಲೆಕ್ಕ ನಿಮಗೆ ಕಷ್ಟವಲ್ಲ. ಗಂಟೆಗೆ 20 ಕಿ.ಮೀ. ಅಂದರೆ ಸೈಕಲ್ಲಿಗೆ ಸಾಧಾರಣ ವೇಗ. ನಿಮ್ಮ ನಡಿಗೆ ಗಂಟೆಗೆ 5 ಕಿ.ಮೀ. ಅಂದ್ಕೊಳ್ಳಿ. ಅವನು ನಿಮ್ಮನ್ನು ಗಂಟೆಗೆ 15 ಕಿ.ಮೀ. ಲೆಕ್ಕದಲ್ಲಿ ಸಮೀಪಿಸ್ತಾನೆ, ಅಂದರೆ ಸೆಕೆಂಡಿಗೆ 4 ಮೀಟರಿಗಿಂತ ಸ್ವಲ್ಪ ಜಾಸ್ತಿ. 10 ಮೀಟರ್ ಹಿಂದೆ ಬೆಲ್ ಹೊಡೆದರೆ ನಿಮಗೆ ಸಿಗೋದು ಎರಡೂವರೆ ಸೆಕೆಂಡ್ ಕೂಡ ಇಲ್ಲ. ಸದ್ದು ಕೇಳಿ, ಅದು ನನಗೇ ಅಂತ ಅರ್ಥವಾಗಿ, ಏನು ಮಾಡಬೇಕು ಅಂತ ತೀರ್ಮಾನಿಸೋಕೆ ಒಂದೂವರೆ ಸೆಕೆಂಡ್ ಹೋಗುತ್ತೆ. ಉಳಿದ ಒಂದು ಸೆಕೆಂಡಿನಲ್ಲಿ ಯಾರೂ ಸರಿಯಾಗಿ ಸರಿಯೋಕೆ ಆಗಲ್ಲ. ಅದೇ ಬೆಲ್ 30 ಮೀಟರ್ ದೂರದಲ್ಲಿ ಹೊಡೆದಿದ್ದರೆ ಏಳು ಸೆಕೆಂಡ್ ಸಿಗ್ತಿತ್ತು. ನೀವು ಗೆಳತಿಗೆ ಹೇಳಿ, ಒಬ್ಬರ ಹಿಂದೆ ಒಬ್ಬರು ಬಂದು, ಮಾತೂ ಮುಗಿಸಬಹುದಿತ್ತು.

ಅವನ ಕಡೆಯ ಲೆಕ್ಕವೂ ಇದೆ. 20 ಕಿ.ಮೀ. ವೇಗದಲ್ಲಿ ಗಾಬರಿಯಾಗಿ ಬ್ರೇಕ್ ಹಿಡಿಯೋಕೇ ಒಂದು ಸೆಕೆಂಡ್ ಬೇಕು, ಅಷ್ಟರಲ್ಲಿ ಐದೂವರೆ ಮೀಟರ್ ಹೋಗಿರ್ತಾನೆ. ಮೊರಂ (ಗರಸು ಮಣ್ಣು) ಅಥವಾ ಸಡಿಲ ಜಲ್ಲಿಯ ಮೇಲೆ ನಿಲ್ಲೋಕೆ ಇನ್ನೂ ಐದು ಮೀಟರ್. ಒಟ್ಟು ಹತ್ತರ ಮೇಲೆ. ಅದೇ 10 ಕಿ.ಮೀ. ವೇಗದಲ್ಲಿದ್ದರೆ ನಾಲ್ಕು ಮೀಟರಿಗೆ ನಿಲ್ಲಬಹುದು. ವೇಗ ಅರ್ಧ ಮಾಡಿದರೆ ನಿಲ್ಲುವ ದೂರ ಅರ್ಧಕ್ಕಿಂತ ಕಡಿಮೆ ಆಗುತ್ತೆ, ತಗುಲಿದರೂ ಪೆಟ್ಟಿನ ಜೋರು ಕಾಲು ಭಾಗಕ್ಕೆ ಇಳಿಯುತ್ತೆ. ಹಂಚಿಕೊಂಡು ಬಳಸುವ ದಾರಿಯಲ್ಲಿ ಜಗಳ ಜಾಗಕ್ಕಾಗಿ ಅಂತ ಎಲ್ಲರೂ ಅಂದ್ಕೊಂಡಿದ್ದಾರೆ. ನನ್ನ ಅನುಭವದಲ್ಲಿ ಜಾಗಕ್ಕಿಂತ ಸಮಯದ್ದೇ ಕೊರತೆ. ಎದುರಿನವರಿಗೆ ಯೋಚನೆ ಮಾಡೋಕೆ ನಾಲ್ಕೈದು ಸೆಕೆಂಡ್ ಕೊಡಿ, ಕಿರಿದಾದ ದಾರಿಯಲ್ಲೂ ಎಲ್ಲರೂ ಸಲೀಸಾಗಿ ಹೋಗ್ತಾರೆ. ಅದನ್ನು ಕಿತ್ತುಕೊಂಡರೆ ರಿಂಗ್ ರೋಡಿನಷ್ಟು ಅಗಲ ಇದ್ದರೂ ಡಿಕ್ಕಿ ಆಗುತ್ತೆ.

ಈಗ ಬೆಲ್ ವಿಷಯ. ಬೆಲ್ ಹೊಡೆದರೆ ಸೈಕಲ್ ಸವಾರನ ಕೆಲಸ ಮುಗೀತು ಅನ್ನೋದು ತಪ್ಪು ನಂಬಿಕೆ. ಬೆಲ್ ಅಂದರೆ "ನಾನು ಬರ್ತಿದ್ದೀನಿ" ಅಂತ ಸುದ್ದಿ ಕೊಡೋದು. "ದಾರಿ ಬಿಡಿ" ಅಂತ ಆಜ್ಞೆ ಅಲ್ಲ. ಸುದ್ದಿ ತಲುಪಿದೆಯಾ ಅಂತ ನೋಡಬೇಕು. ತಲುಪದಿದ್ದರೆ ನಿಧಾನ ಮಾಡಬೇಕು, ಬೇಕಾದರೆ ಕಾಲು ಊರಬೇಕು. ಇನ್ನೊಂದು ವಿಷಯ ಜನ ಗಮನಿಸೋದಿಲ್ಲ. ವಯಸ್ಸಾದಂತೆ ಕಿವಿ ಮೊದಲು ಕಳ್ಕೊಳ್ಳೋದು ಕೀಚಲು ಸದ್ದುಗಳನ್ನು. ಸಣ್ಣ ಬೆಲ್ಲಿನ "ಟಿಂಗ್" ಅಂಥದ್ದೇ ಸದ್ದು. ಮನುಷ್ಯರ ಮಾತು ಅದಕ್ಕಿಂತ ಚೆನ್ನಾಗಿ ಕೇಳಿಸುತ್ತೆ, ಮತ್ತು ಅದಕ್ಕೆ ಗಾಬರಿಯೂ ಆಗಲ್ಲ. ದೂರದಿಂದ ಒಂದು ಬೆಲ್, ಹತ್ತಿರ ಬಂದಾಗ "ಬಲಗಡೆಯಿಂದ ಬರ್ತಿದ್ದೀನಿ ಅಮ್ಮಾ" ಅಂತ ಒಂದು ಮಾತು, ನಡಿಗೆಗಿಂತ ಸ್ವಲ್ಪವೇ ಜಾಸ್ತಿ ವೇಗದಲ್ಲಿ ದಾಟೋದು. ನಾನು ಸೈಕಲ್ ಗುಂಪುಗಳಿಗೆ ಹೇಳೋದು ಇಷ್ಟೇ. ಮೊಮ್ಮಗನಿಗೂ ಇದನ್ನೇ ಕಲಿಸಿ. ಮಕ್ಕಳು ಇಂಥದ್ದನ್ನು ಬಹಳ ಬೇಗ ಹಿಡೀತಾರೆ, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಎಡಕ್ಕಾ ಬಲಕ್ಕಾ? ಇಲ್ಲಿ ಎರಡು ಬೇರೆ ಬೇರೆ ಸಲಹೆಗಳು ಕಲೆತುಹೋಗಿವೆ. ಫುಟ್‌ಪಾತ್ ಇಲ್ಲದ ಡಾಂಬರು ರಸ್ತೆಯಲ್ಲಿ ಬಲಬದಿಗೆ ನಡೆಯಿರಿ ಅನ್ನೋದು ಸರಿ. ಆಗ ನಿಮ್ಮ ಬದಿಯ ವಾಹನ ಎದುರಿಗೇ ಕಾಣುತ್ತೆ. ಅಲ್ಲಿ ವಾಹನಕ್ಕೂ ನಿಮಗೂ ವೇಗದಲ್ಲಿ ಭಾರೀ ಅಂತರ, ಹಾಗಾಗಿ ಕಣ್ಣಿಗೆ ಕಾಣೋದೇ ಮುಖ್ಯ. ಆದರೆ ಕೆರೆ ಏರಿಯಂಥ ದಾರಿಯಲ್ಲಿ ನಡೆಯುವವರು, ಓಡುವವರು, ಸೈಕಲ್, ತಳ್ಳುಗಾಡಿಯಲ್ಲಿ ಮಗು, ಎಲ್ಲಾ ಎರಡೂ ದಿಕ್ಕಿಗೆ ಹೋಗ್ತಿರ್ತಾರೆ. ಅಲ್ಲಿ ಎಲ್ಲರೂ ಎಡಕ್ಕೆ ಇರೋದೇ ಕ್ಷೇಮ. ಅದು ಅತ್ಯುತ್ತಮ ಅಂತಲ್ಲ, ಎಲ್ಲರಿಗೂ ಮೊದಲೇ ಗೊತ್ತಿರೋದು ಅದೊಂದೇ ಅಂತ. ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ ನಡೆದರೆ ಹಿಂದಿನಿಂದ ಬರುವವನು ಪ್ರತಿಸಲ ಊಹೆ ಮಾಡಬೇಕಾಗುತ್ತೆ.

ಪ್ರದಕ್ಷಿಣೆಯ ಸಲಹೆಯಲ್ಲಿ ಅರ್ಧ ಸತ್ಯ ಇದೆ. ನಡೆಯುವವರು ಮಾತ್ರ ಬರುವ ದಾರಿಯಲ್ಲಿ ಎಲ್ಲರೂ ಒಂದೇ ದಿಕ್ಕಿಗೆ ಸುತ್ತಿದರೆ ಎದುರುಬದುರು ಆಗೋದು ತಪ್ಪುತ್ತೆ, ಗುಂಪು ತೆಳುವಾಗುತ್ತೆ. ಸೈಕಲ್ಲೂ ಸೇರಿದರೆ ಕಥೆ ಬೇರೆ. ಒಂದೇ ದಿಕ್ಕು ಅಂದರೆ ಸೈಕಲ್ ಎಲ್ಲಾ ನಿಮ್ಮ ಬೆನ್ನ ಹಿಂದಿನಿಂದಲೇ ಬರುತ್ತೆ, ಒಂದನ್ನೂ ನೀವು ಮೊದಲೇ ನೋಡೋದಿಲ್ಲ. ಹಾಗಾದರೆ ನಡೆಯುವವರು ಒಂದು ದಿಕ್ಕು, ಸೈಕಲ್ ಇನ್ನೊಂದು ದಿಕ್ಕು ಮಾಡೋಣವಾ? ಆಗ ಕಣ್ಣಿಗೆ ಕಾಣುತ್ತೆ, ನಿಜ. ಆದರೆ ಹತ್ತಿರವಾಗುವ ವೇಗ 15ರಿಂದ 25ಕ್ಕೆ ಏರುತ್ತೆ. ಮುಂದಿನದು ಕಾಣದ ತಿರುವಿನಲ್ಲಿ ಅದು ಇನ್ನೂ ಅಪಾಯ. ಮೂರು ಮೀಟರಿಗಿಂತ ಅಗಲವಾದ, ಉದ್ದಕ್ಕೂ ಕಾಣುವ ಏರಿಯಾದರೆ ಎದುರು ದಿಕ್ಕು ಪರವಾಗಿಲ್ಲ. ನೀವು ಬರೆದಿರುವ ಜಾಗಕ್ಕೆ ಎರಡೂ ಹೊಂದೋದಿಲ್ಲ.

ಆ ಜಾಗದ ಬಗ್ಗೆಯೇ ಸ್ವಲ್ಪ ಹೇಳಬೇಕು. ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಂಡ ಮಾತು "ತೂಬಿನ ಹತ್ತಿರ". ನಮ್ಮ ಹಳೇ ಕೆರೆಗಳ ಏರಿ ಕಟ್ಟಿದ್ದು ನೀರು ನಿಲ್ಲಿಸೋಕೆ, ವಾಕಿಂಗಿಗೆ ಅಲ್ಲ. ತೂಬು ಇರುವ ಕಡೆ ಕಲ್ಲಿನ ಕಟ್ಟೆ ಏರಿಯೊಳಗೆ ಚಾಚಿಕೊಂಡಿರುತ್ತೆ, ದಾರಿ ಅದನ್ನು ಬಳಸಿಕೊಂಡು ತಿರುಗುತ್ತೆ. ಬಳಸುವ ಕಡೆ ಕಿರಿದಾಗುತ್ತೆ. ಒಳಬದಿಗೆ ಲಾಂಟಾನವೋ ಇನ್ನೇನೋ ಪೊದೆ ಬೆಳೆದು ಮುಂದಿನದು ಕಾಣೋದಿಲ್ಲ. ಕೋಡಿ, ಅಂದರೆ ತುಂಬಿದ ಕೆರೆಯ ಹೆಚ್ಚುವರಿ ನೀರು ಹೊರಗೆ ಹರಿಯುವ ಜಾಗ, ಇರುವ ಕಡೆ ಇನ್ನೊಂದು ತೊಂದರೆ. ಮಳೆಗಾಲದಲ್ಲಿ ನೀರು ಹರಿದು ಕಲ್ಲಿನ ಮೇಲೆ ಪಾಚಿ ಕಟ್ಟುತ್ತೆ, ಅಲ್ಲಿ ಬ್ರೇಕ್ ಹಿಡಿದರೆ ಸೈಕಲ್ ಜಾರುತ್ತೆ, ಅವಸರದಲ್ಲಿ ಸರಿದರೆ ಚಪ್ಪಲಿ ಜಾರುತ್ತೆ. ಮುನ್ನೂರು ಮೀಟರ್ ನೇರ ಏರಿಯಲ್ಲಿ ಏನೂ ಆಗದೆ, ಈ ಹದಿನೈದು ಮೀಟರಿನಲ್ಲೇ ಪದೇ ಪದೇ ಬೀಳೋದನ್ನು ನಾನು ಬೇರೆ ಬೇರೆ ಊರಿನ ಕೆರೆಗಳಲ್ಲಿ ನೋಡಿದ್ದೀನಿ.

ಅಗಲದ ಅಂದಾಜು ಹೀಗೆ. ಇಂಡಿಯನ್ ರೋಡ್ಸ್ ಕಾಂಗ್ರೆಸ್ 2012ರಲ್ಲಿ ಪಾದಚಾರಿಗಳಿಗಾಗಿ ಹೊರತಂದ ಮಾರ್ಗಸೂಚಿ, ಬರೀ ಫುಟ್‌ಪಾತಿಗೇ ಅಡೆತಡೆ ಇಲ್ಲದ 1.8 ಮೀಟರ್ ಬೇಕು ಅನ್ನುತ್ತೆ. ಇಬ್ಬರು ಅಕ್ಕಪಕ್ಕ ಆರಾಮಾಗಿ ನಡೆಯೋಕೆ ಒಂದೂವರೆ ಮೀಟರ್, ಓಲಾಡುವ ಸೈಕಲ್ಲಿಗೆ ಒಂದು ಮೀಟರ್, ನಡುವೆ ಅರ್ಧ ಮೀಟರ್ ಬಿಟ್ಟರೂ ಮೂರು ಮೀಟರ್ ಆಯ್ತು. ತೂಬಿನ ಹತ್ತಿರ ಎರಡು ಮೀಟರ್ ಇದ್ದರೆ ಹೆಚ್ಚು. ಅಲ್ಲಿ ಓವರ್‌ಟೇಕ್ ಮಾಡಬಾರದು, ಅಷ್ಟೇ. ಇಲ್ಲೇ ನಿಮಗೂ ಒಂದು ಮಾತು, ಬೇಜಾರು ಮಾಡ್ಕೋಬೇಡಿ. ನಾಲ್ಕು ಜನ ಗೆಳತಿಯರು ಅಂದಿರಿ. ನಾಲ್ವರೂ ಸಾಲಾಗಿ ನಡೆದರೆ ಮೂರು ಮೀಟರಿನ ದಾರಿ ಪೂರ್ತಿ ತುಂಬುತ್ತೆ. ಇಬ್ಬರು ಮುಂದೆ, ಇಬ್ಬರು ಹಿಂದೆ ನಡೆಯಿರಿ. ತೂಬು ಬಂದಾಗ ಒಬ್ಬರ ಹಿಂದೆ ಒಬ್ಬರು.

ಸಹಿ ಹಾಕಬೇಕಾ ಅಂತ ಕೇಳಿದ್ದೀರಿ. ನಿಮ್ಮ ಬಳಗದ ಸಿಟ್ಟು ನನಗೆ ಅರ್ಥವಾಗುತ್ತೆ. ನಾನಾಗಿದ್ದರೆ ಪೂರ್ತಿ ನಿಷೇಧಕ್ಕೆ ಸಹಿ ಹಾಕ್ತಿರಲಿಲ್ಲ. ಬೋರ್ಡ್ ಹಾಕೋದು ಸುಲಭ. ಕಾಯೋರು ಯಾರು? ಗೇಟಿನಲ್ಲಿ ಒಬ್ಬ ಗಾರ್ಡ್ ಇದ್ದರೆ ಮೂರು ಗೇಟು ತೆರೆದಿರುತ್ತವೆ. ಬೋರ್ಡ್ ನೋಡಿ ಹೊರಗುಳಿಯೋದು ಮಾತು ಕೇಳುವ ಸವಾರರು, ಅಂದರೆ ನಿಧಾನ ಹೋಗುವವರು, ಅಪ್ಪ ಅಮ್ಮನ ಜೊತೆ ಬರುವ ಮಕ್ಕಳು. ಜೋರಾಗಿ ಹೋಗುವವರು ಬಂದೇ ಬರ್ತಾರೆ. ಮೊಮ್ಮಗ ಸೈಕಲ್ ಕಲಿಯೋಕೆ ಎಲ್ಲಿಗೆ ಹೋಗ್ತಾನೆ? ಬಸ್ಸು, ಟಿಪ್ಪರ್ ಓಡಾಡುವ ರಸ್ತೆಗೆ. 2017ರಲ್ಲಿ ಟ್ರಿನ್ ಟ್ರಿನ್ ಬಾಡಿಗೆ ಸೈಕಲ್ ಶುರು ಮಾಡಿದ ಊರು ನಿಮ್ಮದು. ಅಂಥ ಊರಿನಲ್ಲಿ ಮಕ್ಕಳಿಗೆ ಸೈಕಲ್ ಕಲಿಯುವ ಕ್ಷೇಮದ ಜಾಗ ಇಲ್ಲ ಅಂದರೆ ನನಗೆ ನಿಜವಾಗಿ ನೋವಾಗುತ್ತೆ. ಆದರೆ ದಾರಿ ಉದ್ದಕ್ಕೂ ಎರಡು ಮೀಟರಿಗಿಂತ ಕಿರಿದಾಗಿದ್ದರೆ, ಅಥವಾ ಒಂದು ಬದಿ ಕಟಾಂಜನ ಇಲ್ಲದೆ ಆಳ ನೀರಿದ್ದರೆ, ನಿಷೇಧವೇ ಸರಿ. ಅಳತೆ ಟೇಪು ತಗೊಂಡು ಹೋಗಿ ಅಳೆದು ನೋಡಿ.

ಎರಡನೇ ದಾರಿ, ಹೊತ್ತು ಹಂಚಿಕೊಳ್ಳೋದು. ಬೆಳಿಗ್ಗೆ ಎಂಟರವರೆಗೆ, ಸಂಜೆ ಐದರ ಮೇಲೆ ನಡೆಯುವವರಿಗೆ ಮಾತ್ರ. ಉಳಿದ ಹೊತ್ತು ಸೈಕಲ್ಲಿಗೂ. ಬೆಂಗಳೂರಿನ ಕಬ್ಬನ್ ಪಾರ್ಕಿನ ಒಳರಸ್ತೆಗಳನ್ನು ಭಾನುವಾರ ವಾಹನಗಳಿಗೆ ಮುಚ್ಚೋದು ಇದೇ ಲೆಕ್ಕ. ಅಲ್ಲಿ ಭಾನುವಾರ ಮಕ್ಕಳು ಸೈಕಲ್ ಹೊಡೆಯೋದನ್ನು ನೋಡಿದರೆ ಇದು ಆಗುವಂಥ ಕೆಲಸ ಅಂತ ಧೈರ್ಯ ಬರುತ್ತೆ. ಇದರ ತೊಂದರೆ ಏನಂದ್ರೆ, ಕೆಲಸಕ್ಕೆ ಹೋಗುವ ಸವಾರರಿಗೆ ಸಿಗೋದೂ ಬೆಳಗಿನ ಹೊತ್ತೇ. ಮತ್ತೆ ಮೊದಲ ತಿಂಗಳ ಉತ್ಸಾಹ ಇಳಿದ ಮೇಲೆ ನಿಯಮ ಮರೆತುಹೋಗುತ್ತೆ. ಭಾನುವಾರ ಬೆಳಿಗ್ಗೆ ಅರ್ಧ ದಿನ ಮಕ್ಕಳ ಸೈಕಲ್ಲಿಗೆ ಅಂತ ಬಿಟ್ಟುಕೊಟ್ಟರೆ ಜನ ಉಳಿದ ನಿಯಮವನ್ನೂ ಪಾಲಿಸ್ತಾರೆ.

ಮೂರನೇದು, ನಡುವೆ ಬಿಳಿ ಗೆರೆ ಎಳೆಯೋದು. ಎಲ್ಲರಿಗೂ ಮೊದಲು ಹೊಳೆಯೋದು ಇದೇ. ದಾರಿ ನಾಲ್ಕು ಮೀಟರಿಗಿಂತ ಅಗಲ ಇದ್ದರೆ ಒಳ್ಳೆಯದು. ಕಿರಿದಾದ ದಾರಿಗೆ ಗೆರೆ ಎಳೆದರೆ ಕೆಡುತ್ತೆ. ಗೆರೆಯ ಆಚೆ ನನ್ನ ಹಕ್ಕು ಅಂತ ಸವಾರನಿಗೆ ಅನ್ನಿಸಿ ವೇಗ ಜಾಸ್ತಿಯಾಗುತ್ತೆ, ನಡೆಯುವವರು ಮಾತಾಡ್ತಾ ಗೆರೆ ದಾಟೋದು ನಿಲ್ಲೋದಿಲ್ಲ.

ಸ್ಪೀಡ್ ಬ್ರೇಕರ್ ಹಾಕಿಸಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಬ್ಬು ಬೆಳಕಿನಲ್ಲಿ ಮೊದಲು ಎಡವೋದು ವಯಸ್ಸಾದವರು. ಸೈಕಲ್ಲಿನವನು ಅದರ ಅಂಚಿನಲ್ಲಿ, ನೀವು ನಡೆಯುವ ಕಡೆಯೇ ನುಸುಳಿಕೊಂಡು ಹೋಗ್ತಾನೆ. ಗೇಟಿಗೆ ತಿರುಗುಗಂಬ ಹಾಕಿ ಸೈಕಲ್ ತಡೆಯೋದೂ ಅಷ್ಟೇ. ಗಾಲಿಕುರ್ಚಿಯವರಿಗೆ ಕನಿಷ್ಠ 90 ಸೆಂಟಿಮೀಟರ್ ಜಾಗ ಬೇಕು, ಅಷ್ಟು ಬಿಟ್ಟರೆ ಸೈಕಲ್ಲೂ ಬರುತ್ತೆ. ಸೈಕಲ್ ತಡೆಯೋಕೆ ಹೋಗಿ ಗಾಲಿಕುರ್ಚಿಯವರನ್ನು ಹೊರಗಿಡೋದು ನನಗೆ ಒಪ್ಪಿಗೆಯಿಲ್ಲ.

ನಾನು ಆರಿಸೋದು ಇದನ್ನು. ತೂಬಿನ ಎರಡೂ ಬದಿಗೆ "ಇಲ್ಲಿ ಸೈಕಲ್ ಇಳಿದು ತಳ್ಳಿ" ಅಂತ ಕಣ್ಣಿನ ಮಟ್ಟಕ್ಕೆ ಬೋರ್ಡ್. ಇಡೀ ಕೆರೆ ಸುತ್ತ ಇಳಿದು ತಳ್ಳಿ ಅಂದರೆ ಯಾರೂ ಕೇಳೋದಿಲ್ಲ. ಹದಿನೈದು ಮೀಟರ್ ಅಂದರೆ ಕೇಳ್ತಾರೆ, ಯಾಕೆ ಅಂತ ಅಲ್ಲೇ ಕಾಣ್ತಿರುತ್ತೆ. ಬೋರ್ಡಿಗೆ ಹತ್ತು ಮೀಟರ್ ಮೊದಲು ನೆಲದ ರೀತಿ ಬದಲಾಯಿಸಬೇಕು. ಮೊರಂ ದಾರಿಯಾದರೆ ಒರಟು ಕಲ್ಲುಹಾಸಿನ ಒಂದು ಪಟ್ಟಿ, ಎತ್ತರ ಇಲ್ಲದೆ ಸಮತಟ್ಟಾಗಿ. ಚಕ್ರಕ್ಕೆ ಗರಗರ ಅನ್ನಿಸಿದರೆ ಕೈ ತಾನಾಗೇ ಬ್ರೇಕಿಗೆ ಹೋಗುತ್ತೆ, ಆ ಸದ್ದು ಮುಂದಿರುವವರಿಗೂ ಕೇಳಿಸುತ್ತೆ. ಒಳತಿರುವಿನ ಪೊದೆಯನ್ನು ಮೊಣಕಾಲೆತ್ತರಕ್ಕೆ ಸವರಿಸಬೇಕು, ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ. ಇದರ ಜೊತೆ ಬೆಳಗಿನ ಹೊತ್ತಿನ ಹಂಚಿಕೆ ಸೇರಿದರೆ ಖರ್ಚೂ ಕಡಿಮೆ, ಯಾರನ್ನೂ ಓಡಿಸಿದ ಹಾಗೂ ಆಗೋದಿಲ್ಲ. ಪೂರ್ತಿ ಅಪಾಯ ತಪ್ಪುತ್ತೆ ಅಂತ ನಾನು ಹೇಳೋದಿಲ್ಲ. ಜೋರಾಗಿ ಸೈಕಲ್ ತುಳಿದು ತರಬೇತಿ ಮಾಡುವವರಿಗೆ ಮಾತ್ರ ನೇರವಾಗಿ ಹೇಳಬೇಕು: ಇದು ಅದಕ್ಕೆ ಜಾಗ ಅಲ್ಲ.

ಬ್ಯಾಟರಿ ಗಾಡಿಗಳ ಬಗ್ಗೆ ನೀವು ಬರೆದಿಲ್ಲ, ನಾನೇ ಸೇರಿಸ್ತೀನಿ. 250 ವಾಟ್ ಒಳಗಿನ ಮೋಟರ್, ಗಂಟೆಗೆ 25 ಕಿ.ಮೀ. ಮೀರದ ವೇಗ ಇರುವ ಹಗುರ ಗಾಡಿಗಳಿಗೆ ನಮ್ಮಲ್ಲಿ ಲೈಸೆನ್ಸೂ ಬೇಡ, ನೋಂದಣಿಯೂ ಬೇಡ. ಹಾಗಾಗಿ "ಮೋಟಾರು ವಾಹನ ನಿಷೇಧ" ಅಂತ ಬೋರ್ಡ್ ಹಾಕಿದರೆ ಇದು ವಾಹನವೇ ಅಲ್ಲ ಅಂತ ವಾದ ಮಾಡ್ತಾರೆ. ಇವು ಸದ್ದಿಲ್ಲದೆ ಬರುತ್ತವೆ, ಸೈಕಲ್ಲಿಗಿಂತ ಭಾರ. ಬೋರ್ಡಿನಲ್ಲಿ "ಬ್ಯಾಟರಿ ಸ್ಕೂಟರ್, ಬ್ಯಾಟರಿ ಸೈಕಲ್ ತರಬೇಡಿ, ಗಾಲಿಕುರ್ಚಿಗೆ ಮಾತ್ರ ಅವಕಾಶ" ಅಂತ ಬಿಡಿಸಿ ಬರೆಸಿ.

ನಾಯಿಗಳ ವಿಷಯದಲ್ಲಿ ಹಗ್ಗ ಇದ್ದರೆ ಸಾಕು ಅನ್ನೋದೂ ಪೂರ್ತಿ ಸರಿಯಲ್ಲ. ಸುರುಳಿ ಬಿಚ್ಚಿಕೊಳ್ಳುವ ಉದ್ದ ಹಗ್ಗ ದಾರಿಗೆ ಅಡ್ಡ ಬಿಗಿಯಾಗಿ ನಿಂತರೆ ಮಬ್ಬಿನಲ್ಲಿ ಕಾಣೋದೇ ಇಲ್ಲ. ಓಡುವವರ ಮುಂಗಾಲಿಗೆ ಸಿಕ್ಕರೆ ಮುಖ ಅಡಿಯಾಗಿ ಬೀಳ್ತಾರೆ. ಹಗ್ಗ ಒಂದೂವರೆ ಮೀಟರ್ ಮೀರಬಾರದು. ಜನ ಎದುರಾದಾಗ ನಾಯಿ ತಮ್ಮ ಎಡಕ್ಕೆ, ಹುಲ್ಲಿನ ಬದಿಗೆ ಇರಬೇಕು. "ನಮ್ಮ ನಾಯಿ ಏನೂ ಮಾಡಲ್ಲ" ಅನ್ನೋರಿಗೆ ಸಮಾಧಾನವಾಗೇ ಹೇಳಿ, ನನಗೆ ಭಯ ಆಗುತ್ತೆ ಅಂತ. ಅಷ್ಟು ಸಾಕು, ಬಹಳ ಜನ ಹಗ್ಗ ಎಳ್ಕೊಳ್ತಾರೆ. ಸಾಕಿದ ಪ್ರಾಣಿಯನ್ನು ಹದ್ದಿನಲ್ಲಿ ಇಡದೆ ಬೇರೆಯವರಿಗೆ ಅಪಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಇದೆ. ಜನ ಓಡಾಡುವ ದಾರಿಯಲ್ಲಿ ಅಜಾಗರೂಕ ಸವಾರಿಗೆ 281ನೇ ಕಲಂ ಇದೆ. ಇರೋದು ಗೊತ್ತಿರಲಿ ಅಂತ ಹೇಳಿದೆ. ಮಾತಿಗೆ ಮೊದಲೇ ಕಲಂ ತೆಗೆದರೆ ದಿನಾ ಮುಖ ನೋಡುವ ನೆರೆಯವರ ಜೊತೆ ಮನಸ್ತಾಪವೇ ಉಳಿಯುತ್ತೆ. ಬೀದಿನಾಯಿಗೆ ಅನ್ನ ಹಾಕುವವರು ಗೇಟು, ಬೆಂಚಿನ ಹತ್ತಿರ ಹಾಕದೆ ದಾರಿಯಿಂದ ದೂರ ಹಾಕಲಿ. ಅಟ್ಟಿಸಿಕೊಂಡು ಬಂದರೆ ಓಡುವವರು ನಡಿಗೆಗೆ ಇಳೀಬೇಕು, ಸವಾರರು ಇಳಿದು ಸೈಕಲ್ಲನ್ನು ನಡುವೆ ಹಿಡ್ಕೋಬೇಕು. ಕಚ್ಚಿದರೆ, ಪರಚಿದರೂ ಸರಿ, ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಲಸಿಕೆಗೆ ಹೋಗಬೇಕು.

ಇಯರ್‌ಫೋನ್ ಹಾಕಿಕೊಂಡವರನ್ನು ತಿದ್ದೋಕೆ ಹೋಗಬೇಡಿ, ಅವರಿಗೆ ಕೇಳಿಸಲ್ಲ ಅಂತಲೇ ಲೆಕ್ಕ ಹಾಕಿ ನಡೆಯಿರಿ. ನಿಮ್ಮ ಮನೆಯವರಿಗೆ ಮಾತ್ರ ಹೇಳಿ, ಒಂದು ಕಿವಿ ಬಿಟ್ಟಿರಲಿ. ಹಕ್ಕಿಗಳ ಫೋಟೋ ತೆಗೆಯುವವರು ಟ್ರೈಪಾಡ್‌ನ ಮೂರೂ ಕಾಲು ದಾರಿಯ ಹೊರಗೆ ಊರಬೇಕು. ಕುಕ್ಕರಹಳ್ಳಿ ಕೆರೆಯಂಥ ಕಡೆ ಹೆಜ್ಜಾರ್ಲೆ ಕಂಡ ಖುಷಿಯಲ್ಲಿ ದಾರಿ ನಡುವೆಯೇ ಫಕ್ಕನೆ ನಿಂತುಬಿಡ್ತಾರೆ. ಫಕ್ಕನೆ ನಿಲ್ಲೋದೂ ಫಕ್ಕನೆ ನುಗ್ಗಿದಷ್ಟೇ ಅಪಾಯ.

ನಿಮ್ಮ ಊರಿನವರೇ ಆದ್ದರಿಂದ ಚಾಮುಂಡಿ ಬೆಟ್ಟದ ಮೆಟ್ಟಿಲಿನ ಮಾತೂ ಹೇಳ್ತೀನಿ. ಅಲ್ಲಿ ಒಬ್ಬೊಬ್ಬರು ಒಂದೊಂದು ಕೆಲಸಕ್ಕೆ ಬಂದಿರ್ತಾರೆ. ಹರಕೆ ಹೊತ್ತ ಹೆಂಗಸರು ಬಗ್ಗಿ ಪ್ರತಿ ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಹತ್ತುತ್ತಾರೆ. ಅದೇ ಮೆಟ್ಟಿಲಲ್ಲಿ ವ್ಯಾಯಾಮಕ್ಕೆ ಬಂದ ಹುಡುಗರು ಓಡುತ್ತಾ ಇಳೀತಾರೆ. ಬಗ್ಗಿದವರಿಗೆ ಮೇಲಿಂದ ಬರುವವರು ಕಾಣೋದಿಲ್ಲ, ಇಳಿಯುವವರಿಗೆ ಎಲ್ಲಾ ಕಾಣುತ್ತೆ. ಇಳಿಯುವವರೇ ನಿಲ್ಲಬೇಕು. ಕುಮಾರ ಪರ್ವತದಂಥ ಕಾಡುದಾರಿಯಲ್ಲೂ ಇದೇ ಪದ್ಧತಿ, ಹತ್ತುವವರಿಗೆ ಮೊದಲು ದಾರಿ. ಕೇದಾರನಾಥಕ್ಕೆ ಹೋಗುವ ಯೋಚನೆ ಇದ್ದರೆ ನೆನಪಿರಲಿ: ಹೇಸರಗತ್ತೆ ಬಂದಾಗ ಬೆಟ್ಟದ ಬದಿಗೆ ನಿಲ್ಲಬೇಕು, ಕಣಿವೆಯ ಬದಿಗೆ ಯಾವತ್ತೂ ನಿಲ್ಲಬಾರದು. ಹೊರೆಯ ಮೂಲೆ ತಗುಲಿದರೆ ಹಿಡಿಯೋಕೆ ಏನೂ ಇರಲ್ಲ.

ಇನ್ನು ನೀವು ಮತ್ತೆ ಹೋಗೋದು. ಟ್ರೆಡ್‌ಮಿಲ್ ತರಿಸಿಕೊಳ್ಳಿ, ಮಳೆಗಾಲಕ್ಕೆ ಬೇಕಾಗುತ್ತೆ. ಆದರೆ ನಾಲ್ಕು ಜನ ಗೆಳತಿಯರು, ಆ ಗಾಳಿ, ಆ ನೀರು ಅದರಲ್ಲಿ ಬರೋದಿಲ್ಲ. ನಿಮ್ಮ ವಯಸ್ಸಿನಲ್ಲಿ ನಿಂತ ನೆಲದಿಂದ ಬಿದ್ದು ಮಣಿಕಟ್ಟು ಮುರಿದರೆ ಮೂಳೆ ಸಾಂದ್ರತೆ ಪರೀಕ್ಷೆ ಬೇಕಾ ಅಂತ ಮೂಳೆ ಡಾಕ್ಟರನ್ನು ಕೇಳಿ. ಅದು ನನ್ನ ಕ್ಷೇತ್ರವಲ್ಲ, ಆದರೆ ಕೇಳದೆ ಬಿಡಬೇಡಿ. ಅವರು ಸರಿ ಅಂದ ಮೇಲೆ ಮೊದಲ ಎರಡು ವಾರ ಬೆಳಕು ಹರಿದ ಮೇಲೆ ಹೋಗಿ. ಜನವರಿಯಲ್ಲಿ ಮೈಸೂರಿನಲ್ಲಿ ಸೂರ್ಯ ಹುಟ್ಟೋದು ಆರೂ ಮುಕ್ಕಾಲಿನ ಹತ್ತಿರ. ಆರಕ್ಕೆ ಹೋದರೆ ಕತ್ತಲಲ್ಲೇ ಅರ್ಧ ವಾಕಿಂಗ್ ಆಗುತ್ತೆ. ತಿಳಿ ಬಣ್ಣದ ಬಟ್ಟೆ ಹಾಕ್ಕೊಳ್ಳಿ, ಸೆರಗು ಅಥವಾ ದುಪಟ್ಟಾ ಹಾರದ ಹಾಗೆ ಸಿಕ್ಕಿಸಿಕೊಳ್ಳಿ. ಟಾರ್ಚ್ ಹಿಡಿದರೆ ಬೆಳಕು ನೆಲಕ್ಕಿರಲಿ, ಎದುರಿನವರ ಕಣ್ಣಿಗೆ ಬೇಡ.

ಬೆಲ್ ಕೇಳಿದರೆ ಏನು ಮಾಡಬೇಕು ಅಂತ ಈಗಲೇ ಅಭ್ಯಾಸ ಮಾಡಿ, ಗೆಳತಿಯರ ಜೊತೆ ನಾಲ್ಕು ಸಲ. ಎಡದಲ್ಲೇ ಇದ್ದರೆ ಪಕ್ಕಕ್ಕೆ ಹಾರಬೇಡಿ, ನಿಲ್ಲಬೇಡಿ, ಅದೇ ಗತಿಯಲ್ಲಿ ನೇರ ನಡೆಯಿರಿ. ಎಡಗೈ ಸ್ವಲ್ಪ ಎತ್ತಿ, "ಕೇಳಿಸ್ತು" ಅನ್ನೋ ಗುರುತಿಗೆ. ನೋಡಲೇಬೇಕು ಅನ್ನಿಸಿದರೆ ಎಡ ಭುಜದ ಮೇಲಿಂದ ತಿರುಗಿ. ಆಗ ದೇಹ ವಾಲಿದರೂ ಹುಲ್ಲಿನ ಕಡೆಗೇ ವಾಲುತ್ತೆ, ಸೈಕಲ್ಲಿನ ಕಡೆಗಲ್ಲ. ಬಹಳ ಚಿಕ್ಕ ಬದಲಾವಣೆ, ಆದರೆ ನಾನು ಹೇಳಿಕೊಡುವ ಎಲ್ಲದರಲ್ಲಿ ಜನಕ್ಕೆ ಹೆಚ್ಚು ಉಪಯೋಗಕ್ಕೆ ಬಂದದ್ದು ಇದು.

ಬಳಗದವರ ಅರ್ಜಿಯಲ್ಲಿ "ನಿಷೇಧಿಸಿ" ಅನ್ನುವ ಜಾಗದಲ್ಲಿ ಮೇಲೆ ಹೇಳಿದ ನಾಲ್ಕು ಕೆಲಸ ಬರೆಯಿರಿ: ಬೋರ್ಡ್, ನೆಲದ ಪಟ್ಟಿ, ಪೊದೆ ಸವರೋದು, ಹೊತ್ತಿನ ಹಂಚಿಕೆ. ತೂಬಿನ ಹತ್ತಿರ ದಾರಿಯ ಅಗಲ ಅಳೆದು ನಮೂದಿಸಿ, ಎರಡು ಫೋಟೋ ಅಂಟಿಸಿ. ಆ ಹುಡುಗನಂಥ ಸೈಕಲ್ ಸವಾರರ ಸಹಿಯನ್ನೂ ಹಾಕಿಸಿ, ಅರ್ಜಿಗೆ ತೂಕ ಬರುತ್ತೆ. ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ವಿಚಾರಿಸಿಕೊಳ್ಳಿ. ನಿಮ್ಮೂರಲ್ಲೇ ಕುಕ್ಕರಹಳ್ಳಿ ಕೆರೆ ವಿಶ್ವವಿದ್ಯಾಲಯದ ಕೈಯಲ್ಲಿದೆ, ಕಾರಂಜಿ ಕೆರೆ ಮೃಗಾಲಯದವರ ಕೈಯಲ್ಲಿದೆ, ಬೇರೆ ಕೆರೆಗಳಿಗೆ ಬೇರೆ ಕಚೇರಿ. ತಪ್ಪು ಕಚೇರಿಗೆ ಕೊಟ್ಟ ಅರ್ಜಿ ಅಲ್ಲೇ ಕೊಳೆಯುತ್ತೆ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿ ಸೀಲು, ತಾರೀಕು ಹಾಕಿಸಿಕೊಂಡು ಬನ್ನಿ. ಪೊದೆ ಸವರುವ ಕೆಲಸಕ್ಕೆ ಹೊಸ ಹಣ ಮಂಜೂರಾಗಬೇಕಿಲ್ಲ, ತೋಟದ ಕೆಲಸದವರೇ ಮಾಡಬಹುದು. ಅದನ್ನು ಮೊದಲ ವಾರವೇ ಕೇಳಿ ಮಾಡಿಸಿ.